ಬೆರಳಿನ ಗೆರೆ ಮೂಡಲು ಹದಿನೈದು ದಿನ

ಕಳೆದ ನವೆಂಬರ್‌ನಲ್ಲಿ ನಾನು ಕಾಲೇಜಿನ ಒಂದು ಭಾಷಣಕ್ಕೆ ಟಿಪ್ಪಣಿ ಬರೆಯುತ್ತಿದ್ದೆ. ವಿಷಯ, ಕರಾವಳಿಯ ಆರ್ಥಿಕ ಬಲ. ಕಾರವಾರದ ನೌಕಾನೆಲೆಯ ಬಗ್ಗೆ ಪುಸ್ತಕ ನೋಡಿ ಬರೆದೆ. ಮಂಗಳೂರಿನ ಬಂದರು ಮತ್ತು ನಮ್ಮ ಕಡೆಯ ಸೈನಿಕರ ಪಿಂಚಣಿಯ ಬಗ್ಗೆ ಬರೆಯಲು ಪುಸ್ತಕ ಬೇಕಾಗಲಿಲ್ಲ. ಪುತ್ತೂರಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಕಣ್ಣೆದುರಿಗೇ ಇದ್ದರು.

ಅವರ ಗಂಡ ಅಜ್ಜಾವರ ಎಂಬ ಹಳ್ಳಿಯವರು. ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ, ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಅಕ್ಕನಿಗೆ ಕುಟುಂಬ ಪಿಂಚಣಿ ಬರುತ್ತದೆ. ಅದು ಮಗಳ ಹಾಸ್ಟೆಲಿಗೆ. ಮನೆಯ ಖರ್ಚಿಗೆ ಅಕ್ಕ ಗೇರುಬೀಜದ ಕಾರ್ಖಾನೆಯಲ್ಲಿ ಮಿಷನ್ ಒತ್ತಿ ಬೀಜ ಕತ್ತರಿಸುತ್ತಾರೆ. ಊರಿನ ಬೀಜ ಬೇಸಿಗೆಯೊಂದಿಗೆ ಮುಗಿಯುತ್ತದೆ. ಮತ್ತೆ ಕಾರ್ಖಾನೆ ನಡೆಯುವುದು ಆಫ್ರಿಕಾದಿಂದ ಬಂದರಿಗೆ ಬರುವ ಬೀಜದಿಂದ. ಹಡಗು ತಡವಾದರೆ ಹೆಂಗಸರು ಮನೆಯಲ್ಲಿರುತ್ತಾರೆ. ಒಬ್ಬ ಹೆಂಗಸಿನಲ್ಲಿ ಬಂದರು, ಸೈನ್ಯ ಎರಡೂ ಸಿಕ್ಕಿದ್ದು ನನಗೆ ಅನುಕೂಲವಾಯಿತು. ಕೇಳದೆಯೇ ಅವರನ್ನು ಉದಾಹರಣೆಯಾಗಿ ಬರೆದುಕೊಂಡೆ.

ಅದೇ ವಾರ ಅವರು ಬದುಕಿದ್ದಾರೆಂಬ ಪ್ರಮಾಣಪತ್ರ ಮಾಡಿಸಲು ಜೊತೆಗೆ ಹೋದೆ. ವರ್ಷಕ್ಕೊಮ್ಮೆ ಅದನ್ನು ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಸೇವಾ ಕೇಂದ್ರದ ಯಂತ್ರದ ಮೇಲೆ ಅಕ್ಕ ಒಂದೊಂದೇ ಬೆರಳಿಟ್ಟರು. ಬೀಜದ ಸಿಪ್ಪೆಯ ಎಣ್ಣೆ ಸುಟ್ಟು ಸುಟ್ಟು ಬೆರಳ ತುದಿಗಳು ನುಣ್ಣಗೆ, ಕಪ್ಪಗೆ ಇದ್ದವು. ಒಂದನ್ನೂ ಯಂತ್ರ ಒಪ್ಪಲಿಲ್ಲ.

"ಹತ್ತು ಬೆರಳೂ ರಜೆಯಲ್ಲಿ ಉಂಟಲ್ಲ ಅಕ್ಕ," ಎಂದ ಕೇಂದ್ರದವ.

"ಬೆರಳಿಗೆ ಎಂತ ರಜೆ ಮಾರಾಯ, ನನಗೇ ಸಿಗುದಿಲ್ಲ."

ಸಾಲಿನಲ್ಲಿದ್ದ ಮಾಜಿ ಸೈನಿಕರೊಬ್ಬರು ಹಿಂದಿನಿಂದ ಹೇಳಿದರು: "ಮಿಲಿಟರಿ ಕ್ಯಾಂಟೀನಿನ ಹತ್ತಿರ ಹೋಗಿ ನಿಲ್ಲಿ ಮಾರಾಯ್ರೆ. ಅಗ್ಗದ ಬಾಟ್ಲಿ ಕೇಳ್ಲಿಕ್ಕೆ ಬರುವ ನೆಂಟರೆಲ್ಲ ನೀವು ಬದುಕಿದ್ದೀರಿ ಅಂತ ಸಾಕ್ಷಿ ಹೇಳ್ತಾರೆ!"

ಎಲ್ಲರೂ ನಕ್ಕರು ಎಂದು ನನ್ನ ಡೈರಿಯಲ್ಲಿದೆ. ನಾನೂ ನಕ್ಕೆನೇ, ನೆನಪಿಲ್ಲ.

ಮುಖ ತೋರಿಸಿಯೂ ಮಾಡಬಹುದೆಂದು ನನ್ನ ಫೋನಿನಲ್ಲಿ ನೋಡಿದೆವು. ಆಧಾರ್ ಕಾರ್ಡಿನ ಹಳೆಯ ಚಿತ್ರಕ್ಕೆ ಅವರ ಈಗಿನ ಮುಖ ಹೊಂದಲಿಲ್ಲ. ಚಿತ್ರ ಬದಲಿಸಲು ಹೋದರೆ ಅಲ್ಲಿಯೂ ಬೆರಳು ಕೇಳುತ್ತಾರಂತೆ. ಹಿಂದಿನ ವರ್ಷ ಕಾಗದದ ಅರ್ಜಿ ಕಳಿಸಿದ್ದೆವು. ಅದು ಎಲ್ಲೋ ತಡವಾಗಿ ನಾಲ್ಕು ತಿಂಗಳು ಪಿಂಚಣಿ ನಿಂತು, ಮಗಳು ಹಾಸ್ಟೆಲ್ ಬಿಡುವುದರಲ್ಲಿದ್ದಳು. ಕೇಂದ್ರದವ ಕೊನೆಗೆ ಹೇಳಿದ: "ಹದಿನೈದು ದಿನ ಬೀಜ ಮುಟ್ಟಬೇಡಿ. ತೆಂಗಿನೆಣ್ಣೆ ಹಚ್ಚಿ. ಗೆರೆ ತಾನಾಗಿ ಬರ್ತದೆ."

ಆಗ ಕಾರ್ಖಾನೆಯಲ್ಲಿ ಬೀಜ ಮುಗಿದಿತ್ತು, ಹಡಗು ಬಂದಿರಲಿಲ್ಲ. ಒಳ್ಳೆಯದೇ ಆಯಿತು ಎಂದೆ. ಅರ್ಥಶಾಸ್ತ್ರ ಓದಿದವಳು ಹಡಗು ತಡವಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಒಂಬತ್ತನೆಯ ದಿನ ಅಕ್ಕನಿಗೆ ಕಾರ್ಖಾನೆಯ ಮೇಸ್ತ್ರಿಯ ಫೋನ್ ಬಂತು. ಬೀಜ ಬಂದಿದೆ, ನಾಳೆ ಬಾರದಿದ್ದರೆ ನಿಮ್ಮ ಮಿಷನ್ ಬೇರೆಯವರಿಗೆ. ಅಕ್ಕ ಬೇಲಿಯ ಹತ್ತಿರ ಬಂದು ಬೆರಳನ್ನು ಬೆಳಕಿಗೆ ಹಿಡಿದು ತೋರಿಸಿದರು. ಸರಿಯಾಗಿ ಒರೆಸದ ಕರಿಹಲಗೆಯಲ್ಲಿ ಉಳಿದ ಬರಹದ ಹಾಗೆ ಸಣ್ಣ ಗೆರೆಗಳು ಮೂಡಿದ್ದವು. ಆಗಲೇ ಆಟೋ ಹಿಡಿದು ಕೇಂದ್ರಕ್ಕೆ ಹೋದೆವು. ಎಡಗೈಯ ಹೆಬ್ಬೆರಳನ್ನು ಯಂತ್ರ ಅರ್ಧ ಹಿಡಿದು ಬಿಟ್ಟಿತು.

"ಬರ್ತಾ ಉಂಟು ಅಕ್ಕ," ಎಂದ ಅವನು. "ಇನ್ನೊಂದು ನಾಲ್ಕೈದು ದಿನ ಬಿಡಿ."

ಹಿಂದಿರುಗುವಾಗ ನಾನೂ ಅದನ್ನೇ ಹೇಳಿದೆ. "ನಾಲ್ಕೈದೇ ದಿನ ಅಲ್ವಾ ಅಕ್ಕ?"

"ಅಷ್ಟು ದಿನ ಮಿಷನ್ ಖಾಲಿ ಇಡ್ಲಿಕ್ಕೆ ಅದು ನನ್ನ ಅಪ್ಪನ ಮನೆಯಾ ಟೀಚರೇ?" ಆಟೋ ಇಳಿಯುವಾಗ ಮತ್ತೆ ಕೇಳಿದರು: "ನೀವೇ ಹೇಳಿ. ಎಂತ ಮಾಡುದು?"

ನಾನು 'ಹೋಗಿ' ಎಂದೆ ಎಂದು ನನ್ನ ನೆನಪು. ಡೈರಿಯಲ್ಲಿ ಬೇರೆಯೇ ಇದೆ: ಏನೂ ಹೇಳಲಾಗಲಿಲ್ಲ. ಡೈರಿಯೇ ನಿಜವಿರಬೇಕು. ಹೋಗಿ ಎಂದಿದ್ದರೆ ಆ ಮಾತಿನ ಹೊಣೆಯಾದರೂ ನನ್ನ ಮೇಲಿರುತ್ತಿತ್ತು. ಹಾಗೆಂದೇ ನೆನಪು ಅದನ್ನು ಸೇರಿಸಿಕೊಂಡಿತೋ ಏನೋ.

ಮರುದಿನ ಅಕ್ಕ ಕೆಲಸಕ್ಕೆ ಹೋದರು.

ಭಾಷಣದಿಂದ ಅವರ ಉದಾಹರಣೆಯನ್ನು ತೆಗೆದೆ. ಬಂದರಿಗೆ ಒಂದು ಪುಟ, ಸೈನ್ಯಕ್ಕೆ ಒಂದು ಪುಟ ಹಾಗೆಯೇ ಉಳಿದವು. ಸಭೆ ಚಪ್ಪಾಳೆ ತಟ್ಟಿತು.

ಭಾನುವಾರ ಕಾಗದದ ಅರ್ಜಿಯನ್ನೇ ತುಂಬಿದೆವು. ಸಹಿಯ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತುವ ಚೌಕವಿತ್ತು. ಅಕ್ಕ ಶಾಯಿಯಲ್ಲಿ ಬೆರಳದ್ದಿ ಒತ್ತಿದರು. ಗೆರೆಯಿಲ್ಲದ ಒಂದು ಉರುಟು ನೀಲಿ ಮಚ್ಚೆ ಮೂಡಿತು. "ಇನ್ನೊಮ್ಮೆ ಒತ್ತಿ ನೋಡಿ," ಎಂದೆ. ಅದೂ ಹಾಗೆಯೇ ಬಂತು. ಎರಡು ಮಚ್ಚೆಗಳ ಸಮೇತವೇ ಅರ್ಜಿಯನ್ನು ಅಂಚೆಗೆ ಹಾಕಿದೆ.

ಅರ್ಜಿಯಲ್ಲಿ ಕೊಟ್ಟದ್ದು ನನ್ನ ಫೋನ್ ನಂಬರ್. ಅಕ್ಕ ಕೆಲಸ ಮುಗಿಸಿ ಬಂದವರೇ ಬೇಲಿಯ ಹತ್ತಿರ ನಿಂತು "ಮೆಸೇಜು ಬಂತಾ ಟೀಚರೇ?" ಎಂದು ಕೇಳುತ್ತಾರೆ. ಈ ತಿಂಗಳೂ ಪಿಂಚಣಿ ಬಂದಿಲ್ಲ. ಮೆಸೇಜು ಬಂದಿಲ್ಲ ಎಂದು ಗೊತ್ತಿದ್ದರೂ ಅವರ ಎದುರು ಫೋನ್ ತೆಗೆದು ನೋಡುತ್ತೇನೆ.