ಪ್ರಯೋಗಾಲಯದ ಹೊಳೆಗೆ ಬಾಗಿನ

ಶಿರಸಿಯ ಅಂಚಿನ ಜಲಪ್ರಯೋಗಾಲಯದಲ್ಲಿ ಹೊಳೆ ಹರಿಯಲು ಮಳೆ ಬೇಕಿರಲಿಲ್ಲ; ಪಂಪಿನ ಗುಂಡಿ ಒತ್ತಿದರೆ ಸಾಕಿತ್ತು. ತಗಡಿನ ಶೆಡ್ಡಿನೊಳಗೆ ಸಿಮೆಂಟಿನ ಕಣಿವೆ, ಮೊಣಕಾಲೆತ್ತರದ ಅಣೆಕಟ್ಟು, ಕೋಡಿಗೆ ಗೇಣಗಲದ ಗೇಟುಗಳು. ಮುಂದೆಂದೋ ಕಟ್ಟಲಿರುವ ಅಣೆಕಟ್ಟಿನ ಐವತ್ತರಲ್ಲೊಂದು ಪಾಲಿನ ಮಾದರಿ ಅದು.

ನೀರು ಎತ್ತ ಸುಳಿಯುತ್ತದೆಂದು ಕಾಣಲು ಅದರ ಮೇಲೆ ಕಾಗದದ ಚೂರು ಎರಚುವುದು ಗುಡ್ನಾಪುರದ ಪಾರ್ವತವ್ವನ ಉದ್ಯೋಗ. ಊರವರು ಕೇಳಿದರೆ, “ಸರಕಾರದ ಹೊಳಿಗೆ ಅಕ್ಷತೆ ಹಾಕ್ತೀನಿ” ಎನ್ನುತ್ತಿದ್ದಳು.

೧೯೯೮ರಲ್ಲಿ ಪ್ರಯೋಗಾಲಯವನ್ನೇ ಮುಚ್ಚುವ ಮಾತು ಹುಟ್ಟಿತು. ಕಂಪ್ಯೂಟರ್ ಇರುವಾಗ ಸಿಮೆಂಟಿನ ಹೊಳೆ ಏಕೆಂಬುದು ಮೇಲಿನವರ ವಾದ. ತಪಾಸಣೆಗೆ ಬರುವ ಮೇಲಧಿಕಾರಿ ನಾಗಪತಿಯವರ ಎದುರು ಹೊಸ ಮಾದರಿಯನ್ನು ಮೊದಲ ಬಾರಿಗೆ ಪೂರ್ತಿ ತುಂಬಿಸಬೇಕು. ಪ್ರಯೋಗ ಅವರಿಗೆ ಹಿಡಿಸದಿದ್ದರೆ ಶೆಡ್ಡಿಗೆ ಬೀಗ, ಪಾರ್ವತವ್ವನಿಗೆ ಮನೆ.

ತಪಾಸಣೆಯ ಬೆಳಿಗ್ಗೆ ನೀರು ಅಂಚು ಮುಟ್ಟಿತು. ಎಂಜಿನಿಯರ್ ಶಾಂತಾರಾಮ ಹೆಗಡೆಯವರು ಗೇಟು ತೆರೆದು ವಿವರಣೆ ಆರಂಭಿಸಿದರು. ಅಷ್ಟರಲ್ಲಿ ಪಾರ್ವತವ್ವ ಸೆರಗು ಸಿಗಿಸಿಕೊಂಡು, ಬಳೆ, ರವಿಕೆ ಕಣ, ಅರಿಸಿನ ಕುಂಕುಮ ತುಂಬಿದ ಮೊರದ ಬಾಗಿನವನ್ನು ಭಕ್ತಿಯಿಂದ ನೀರಿಗೆ ಬಿಟ್ಟೇಬಿಟ್ಟಳು.

“ಎಂತ ಮಾಡಿದ್ಯೇ ಮಾರಾಯ್ತಿ!” ಎಂದು ಹೆಗಡೆಯವರು ಚೀರಿದರು.

“ತುಂಬಿದ ಹೊಳಿಗೆ ಬಾಗಿನ ಬ್ಯಾಡೇನ್ರಿ ಸಾಹೇಬ್ರ? ಹೊಳಿ ಸಣ್ಣದಂತ ಮರ್ಯಾದಿನೂ ಸಣ್ಣದು ಮಾಡಾಕ ಬರ್ತೈತೇನು?”

“ಈ ಮೊರವನ್ನು ಐವತ್ತು ಪಟ್ಟು ಹಿಗ್ಗಿಸಿ ಲೆಕ್ಕ ಹಾಕು! ಹೊಳೆಗೆ ಎರಡು ಕೆಂಪು ಬಸ್ಸು ತೇಲಿಬಿಟ್ಟ ಹಾಗಾಯ್ತು!”

ಮೊರ ಗಂಭೀರವಾಗಿ ತೇಲುತ್ತ ಹೋಗಿ ಗೇಟುಗಳಿಗೆ ಅಡ್ಡ ಕೂತಿತು. ಅಣೆಕಟ್ಟು ಹಾರಿದ ನೀರು ಶೆಡ್ಡಿನ ತುಂಬ ಹರಡಿತು. ಪಂಪಿನ ಗುಂಡಿಯೋ, ಆಚೆ ದಡದಲ್ಲಿ! ನಾಗಪತಿಯವರ ಒಂದು ಚಪ್ಪಲಿ ಕುಂಕುಮದ ನೀರಿನಲ್ಲಿ ಬಾಗಿಲಿನತ್ತ ಪ್ರಯಾಣ ಬೆಳೆಸಿತು. ಅವರು ಪ್ಯಾಂಟು ಮಡಚಿ ಕುರ್ಚಿ ಹತ್ತಿದವರು, ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದು ನಗತೊಡಗಿದರು. ನಗು ಹೆಗಡೆಯವರಿಗೂ ಅಂಟಿತು. ಪಾರ್ವತವ್ವ ಮಾತ್ರ ಚಪ್ಪಲಿಯ ಬೆನ್ನು ಹತ್ತಿದ್ದಳು.

ನಗು ನಿಂತಾಗ ನಾಗಪತಿಯವರು ಕುರ್ಚಿಯ ಮೇಲಿಂದಲೇ ಕೇಳಿದರು: “ಹೆಗಡೇರೆ, ನೆರೆ ಬಂದಾಗ ನಿಜವಾದ ಹೊಳೆಯಲ್ಲಿ ದೊಡ್ಡ ದೊಡ್ಡ ಮರ ತೇಲಿ ಬರ್ತವಲ್ಲ, ಅವೂ ಹೀಗೇ ಅಡ್ಡ ಕೂತರೆ?”

“ಅದನ್ನು… ನಾವು ಪರೀಕ್ಷಿಸಿಲ್ಲ ಸರ್.”

“ಕಂಪ್ಯೂಟರಿನವರೂ ಪರೀಕ್ಷಿಸಿಲ್ಲ. ಹಾಗಿದ್ದ ಮೇಲೆ ಈಗ ಬೀಗ ಹಾಕೋದು ಹೇಗೆ? ಮರ ತೇಲಿಬಿಟ್ಟು ನೋಡಿ.”

ಬೀಗ ಕೆಲವು ವರ್ಷ ಮುಂದಕ್ಕೆ ಹೋಯಿತು. ಪಾರ್ವತವ್ವನಿಗೆ ಕಾಗದದ ಚೂರಿನಿಂದ ಕಡ್ಡಿ ಕೊಂಬೆಗಳಿಗೆ ಬಡ್ತಿ ಸಿಕ್ಕಿತು. ಮೊದಲ ದಿನವೇ ಬುಟ್ಟಿ ಹೊತ್ತು ದಡದಲ್ಲಿ ನಿಂತು ಕೂಗಿದಳು:

“ದೂರ ಸರೀರಿ ಸಾಹೇಬ್ರ, ಕಾಡು ಬಿಡಾಕತ್ತೇನಿ!”