ಉಯ್ಯಾಲೆಯ ಹಲಗೆ

ನಮ್ಮ ತಿಪಟೂರಿನ ಮಕ್ಕಳ ಪಾರ್ಕಿನ ಮಾಲಿ, ಯಾವ ಮಗು ಬಂದರೂ ಹೆಗಲ ಮೇಲಿನ ಟವೆಲಿನಿಂದ ಉಯ್ಯಾಲೆಯ ಹಲಗೆ ಒರೆಸಿಯೇ ಕೂರಿಸುತ್ತಿದ್ದರು. ಪಕ್ಕದಲ್ಲೇ ತೆಂಗಿನಮರ. ಕಾಯಿ ಕೀಳಿಸಿ ಎಂದು ನಾನು ಎಷ್ಟು ಸಲ ಹೇಳಿದರೂ ಒಂದೇ ಉತ್ತರ: "ಕಲ್ಪವೃಕ್ಷ ಕಣ್ರೀ, ಯಾರ ತಲೆ ಮೇಲೂ ಕಾಯಿ ಕೆಡವಲ್ಲ ಬುಡಿ." ನಮ್ಮ ಕಡೆಯವರೆಲ್ಲ ನಂಬುವ ಮಾತೇ ಅದು, ನಾನೂ ಸುಮ್ಮನಾಗುತ್ತಿದ್ದೆ.

ಅವತ್ತು ಮಗಳು ನೀರು ಬೇಕೆಂದು ಉಯ್ಯಾಲೆಯಿಂದ ಇಳಿದು ನನ್ನ ಹತ್ತಿರ ಓಡಿಬಂದಳು. ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಬಲಿತ ಕಾಯೊಂದು ಬಿದ್ದು ಅವಳು ಕೂತಿದ್ದ ಹಲಗೆ ಎರಡು ಹೋಳಾಯಿತು. ಓಡಿಬಂದ ಮಾಲಿ ಮುರಿದ ಹಲಗೆಯನ್ನೇ ಟವೆಲಿನಿಂದ ಒರೆಸತೊಡಗಿದರು. ಸ್ವಲ್ಪ ಹೊತ್ತಿಗೆ ಕೈ ನಿಂತಿತು. ತಲೆಯೆತ್ತಿ ಮರಕ್ಕೆ ಹೇಳಿದರು: "ನಿನ್ನ ನಂಬ್ಕೊಂಡು ಮಕ್ಳನ್ನ ಕೂರಿಸ್ತಿದ್ನಲ್ಲವ್ವ."