ಅದಲುಬದಲಾದ ಎರಡು ಗೆರೆಗಳು

ತಮಿಳು ಸೀಮೆಯ ಪೆರುಂಗುಡಿಯ ಆಫೀಸಿನಲ್ಲಿ ನನ್ನ ಆರು ತಿಂಗಳ ಪ್ರೊಬೇಷನ್ ಮುಗಿಯುವ ವಾರ ಒಂದು ಕೆಲಸ ಒಪ್ಪಿಸಿದರು. ಇಷ್ಟು ವರ್ಷಗಳಲ್ಲಿ ಭಾರತದ ಬ್ಯಾಂಕುಗಳು ಗಟ್ಟಿಯೋ, ಅಮೆರಿಕದವು ಗಟ್ಟಿಯೋ, ಚಾರ್ಟ್ ಮಾಡಿ ವಿವರಿಸಬೇಕು. ಒಪ್ಪಿಗೆಯಾದರೆ ಕೆಲಸ ಖಾಯಂ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು.

ಎರಡು ಗೆರೆ ಎಳೆದೆ. ಗೆರೆ ಮೇಲಿದ್ದರೆ ಗಟ್ಟಿ, ಕೆಳಗಿಳಿದರೆ ಅಲ್ಲಾಡಿದೆ ಎಂದರ್ಥ. ಶುಕ್ರವಾರದ ವಿಡಿಯೋ ಕರೆಯಲ್ಲಿ ನನ್ನ ಪರದೆಯ ಮೇಲೆ ಹದಿನಾಲ್ಕು ಕಪ್ಪು ಚೌಕಗಳಿದ್ದವು, ಒಬ್ಬರ ಮುಖವೂ ಇಲ್ಲ. ಆದರೂ ಹದಿನಾಲ್ಕು ಜನ ಕೇಳುತ್ತಿದ್ದಾರೆಂದು ನನಗೆ ಹಬ್ಬ. ಅದುವರೆಗೆ ಆ ಆಫೀಸಿನಲ್ಲಿ ನನ್ನ ಅತಿ ದೀರ್ಘ ಸಂಭಾಷಣೆ ನಡೆದಿದ್ದು ಕ್ಯಾಂಟೀನಿನ ಮೊಸರನ್ನದವರ ಜೊತೆ, ಅದೂ ಉಪ್ಪಿನಕಾಯಿಯ ಬಗ್ಗೆ.

ಎರಡು ಸಾವಿರದ ಎಂಟರಲ್ಲಿ ಭಾರತದ ಗೆರೆ ಬಾವಿಗೆ ಬಿದ್ದಂತಿತ್ತು. ಅಮೆರಿಕದ್ದು ಅಲುಗಾಡದೆ ಮಲಗಿತ್ತು. ಆಗ ನಾನು ಒಂದನೇ ಕ್ಲಾಸಿನಲ್ಲಿದ್ದವನು, ನನಗೇನು ಗೊತ್ತು? ನಿಂತಲ್ಲೇ ಕಾರಣ ಹುಟ್ಟಿಸಿದೆ. ನಾವು ಬೇಗ ಗಾಬರಿಯಾಗುವ ಜನ, ಅವರು ಸಮಾಧಾನಿಗಳು ಎಂದೆ. ಹೇಳುತ್ತಾ ಹೇಳುತ್ತಾ ನಾನೇ ಅದನ್ನು ನಂಬಿಬಿಟ್ಟೆ. "ಸೂಪರ್ ಪಾ" ಎಂದು ಮ್ಯಾನೇಜರ್ ಕರೆ ಮುಗಿಸಿದರು.

ಭಾನುವಾರ ವಡಪಳನಿಯ ದೊಡ್ಡಪ್ಪನ ಮನೆಗೆ ಹೋದೆ. ವಾರಕ್ಕೊಮ್ಮೆ ನನ್ನ ಕನ್ನಡ ಹೊರಗೆ ಬರುವುದು ಅಲ್ಲೇ. ಅವರ ಮೊಮ್ಮಕ್ಕಳು ಅದಕ್ಕೂ ತಮಿಳಿನಲ್ಲೇ ಉತ್ತರ ಕೊಡುತ್ತಾರೆ. ದೊಡ್ಡಪ್ಪ ಬ್ಯಾಂಕಿನಿಂದ ರಿಟೈರ್ ಆದವರು. ಹೊಗಳಿಸಿಕೊಳ್ಳುವ ಆಸೆಯಿಂದ ಚಾರ್ಟ್ ತೋರಿಸಿದೆ.

"ಎನ್ನಡಾ ಇದು?" ಎಂದು ಕನ್ನಡಕ ಹಣೆಗೇರಿಸಿದರು. "ಆ ವರ್ಷ ನಾನು ಕೌಂಟರಲ್ಲಿ ಕೂತಿದ್ದೆ ಕಣೋ. ದುಡ್ಡು ವಾಪಸ್ ಕೊಡಿ ಅಂತ ನಮ್ಮ ಬ್ರಾಂಚಿಗೆ ಒಬ್ರೂ ಬರಲಿಲ್ಲ. ಬಿದ್ದಿದ್ದು ಅವರದ್ದು. ನಮ್ಮ ಹೆಸರು ಅವರ ಗೆರೆಗೆ ಅಂಟಿಸಿದ್ಯಲ್ಲೋ, ಮುಟ್ಟಾಳ!"

"ಹಾಗಾದ್ರೆ ನಮ್ಮವು ಮುಳುಗೋದೇ ಇಲ್ವಾ ದೊಡ್ಡಪ್ಪ?"

"ಅಲ್ಲಿ ಬ್ಯಾಂಕು ಸತ್ರೆ ಊರಿಗೆಲ್ಲಾ ಗೊತ್ತಾಗತ್ತೆ. ಇಲ್ಲಿ ಕಾಯಿಲೆ ಬಿದ್ರೆ ದೊಡ್ಡ ಬ್ಯಾಂಕಿಗೆ ಕೊಟ್ಟು ಮದುವೆ ಮಾಡಿಬಿಡ್ತಾರೆ. ಬೋರ್ಡು ಬದಲಾಗತ್ತೆ, ಅಷ್ಟೇ."

ಇಷ್ಟು ದೊಡ್ಡ ತಪ್ಪನ್ನು ಯಾರೂ ಹಿಡಿದಿರಲಿಲ್ಲವೆಂದರೆ, ಹದಿನಾಲ್ಕು ಜನರಲ್ಲಿ ಒಬ್ಬರೂ ನನ್ನ ಮಾತು ಕೇಳಿಸಿಕೊಂಡಿರಲಿಲ್ಲ ಎಂದು ಆಗ ಅರ್ಥವಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು, ತಪ್ಪು ಚಾರ್ಟ್ ಕಂಪನಿಯ ಗಿರಾಕಿಗೆ ಹೋಗುತ್ತಿತ್ತು. ಸೋಮವಾರ ಮ್ಯಾನೇಜರ್ ಎದುರು ನಿಂತು, ಕೊಲೆ ಮಾಡಿ ಬಂದವನಂತೆ ಒಪ್ಪಿಕೊಂಡೆ.

"ಎಂದ ಚಾರ್ಟ್ ಪಾ?" ಎಂದರು. ಯಾವ ಚಾರ್ಟ್ ಎಂದು ಅವರಿಗೆ ನೆನಪೇ ಇರಲಿಲ್ಲ. ಸರಿಮಾಡಿ ಕಳಿಸಲು ಹೇಳಿ, ನನ್ನನ್ನು ಖಾಯಂ ಮಾಡುವ ಕಾಗದಕ್ಕೆ ಗುರುವಾರವೇ ಸಹಿ ಹಾಕಿಯಾಗಿದೆ ಎಂದೂ ತಿಳಿಸಿ, ಫೋನಿಗೆ ತಿರುಗಿದರು. ಗುರುವಾರವೆಂದರೆ ನಾನು ಬಾಯಿ ತೆರೆಯುವ ಹಿಂದಿನ ದಿನ.

ಕುಣಿದಾಡಬೇಕಿತ್ತು, ಮನಸ್ಸಾಗಲಿಲ್ಲ. ಮೆಟ್ಟಿಲ ಬಳಿ ಹೋಗಿ ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ಬೈದ್ರೇನೋ?"

"ಇಲ್ಲ."

"ಒಂದ್ ಮಾತೂ?"

"ಇಲ್ಲ ದೊಡ್ಡಪ್ಪ."

"ಸಾಯಂಕಾಲ ಮನೆಗೆ ಬಾ. ನಾನು ಬೈತೀನಿ."

ಆಫೀಸು ಬಿಟ್ಟವನೇ ಎರಡು ಬಸ್ಸು ಬದಲಾಯಿಸಿ ಹೋದೆ.